ನೀಲಿ ಡ್ರಮ್ಮಿಗೆ ಸುರುವಿದ ಬೀಜದ ಜೋಳ

ಹಂಗಲ್ಲ, ತಪ್ಪು ಅತ್ತ್ಯಾರದಲ್ಲ, ನಂದು. ನಗಬ್ಯಾಡ್ರೋ, ನನ್ನ ಕನ್ನಡ ತಿಳೀಲಿಲ್ಲಂದ್ರ ಮರಾಠ್ಯಾಗ ಕೇಳ್ರಿ, ಹೇಳ್ತೇನಿ. ಆವಾಗ ನಮ್ಮೂರು ಸಮಡೋಳ್ಯಾಗ ಎಲ್ಲಾರೂ ಕಬ್ಬು, ದ್ರಾಕ್ಷಿ ಅಂತ ಓಡಾಕತ್ತಿದ್ರು, ಸಾಂಗ್ಲಿ ಕಡೆ ಹೊಲ ಹೋಗಿ ಪ್ಲಾಟ್ ಆಗಾಕತ್ತಿದ್ವು. ನಮ್ಮ ಅತ್ತ್ಯಾರು, ಅಂದ್ರ ನಿಮ್ಮ ಅಜ್ಜನ ಅವ್ವ, ಅವರೊಬ್ಬರ ಒಂದು ತುಂಡು ಹೊಲದಾಗ ಹಳೇ ಬಿಳಿಜೋಳ ಬಿತ್ತಸ್ತಿದ್ರು. ಬೀಜದ ತೆನಿ ತಾವಽ ಆರಿಸೋರು, ಒಣಗಿಸಿ, ಬೂದಿ ಬೆರಸಿ, ಬೇವಿನೆಲಿ ಹಾಕಿ, ಸೆಗಣಿ ಬಳದ ಬುಟ್ಟ್ಯಾಗ ಇಡೋರು. ನಾವು ಜೈನರು ನೋಡ್ರಿ, ಹುಳ ಕೊಲ್ಲೂ ಹಂಗಿಲ್ಲ, ಬರಧಂಗ ನೋಡ್ಕೋಬೇಕು. ಆ ವರ್ಷ ನಾ ಶಾಣ್ಯಾಕಿ ಮಿರಜಿನಿಂದ ನೀಲಿ ಪ್ಲಾಸ್ಟಿಕ್ ಡ್ರಮ್ ತಂದ್ನಿ. ಅತ್ತ್ಯಾರು ಮಗಳ ಮನಿಗೆ ಹೋಗಿದ್ರು. ಬೂದಿ ಹೊಲಸು ಕಾಣ್ತೈತಿ ಅಂತ ಬೀಜದ ಜೋಳ ತೊಳದ್ನಿ, ಹೌದು, ತೊಳದ್ನಿ, ಒಂದು ಹೊತ್ತು ಬಿಸಲಿಗೆ ಹಾಕಿ ಡ್ರಮ್ಮಿಗೆ ಸುರುವಿ ಮುಚ್ಚಳ ಬಿಗದ್ನಿ. ಬಿತ್ತೂ ಮುಂದ ತಗದ್ರ ಬರೇ ಬೂಸು, ಮುಗ್ಗಲು ವಾಸನಿ. ಒಂದು ಮುಷ್ಟಿ ಒದ್ದಿ ಅರಿವ್ಯಾಗ ಕಟ್ಟಿಟ್ನಿ, ಒಂದ ಕಾಳೂ ಮೊಳಕಿ ಒಡೀಲಿಲ್ಲ. ಮನ್ಯಾಗ ಬ್ಯಾರೆ ಬೀಜ ಇಲ್ಲ. ಅಂಗಡ್ಯಾಗ ಪಾಕೀಟಿನ ಹೈಬ್ರಿಡ್ ಇತ್ತು ಖರೆ, ಆದ್ರ ಅತ್ತ್ಯಾರ ಜೋಳ ಎಲ್ಲಿಂದ ತರ್ಲಿ?

ಅಷ್ಟೊತ್ತಿಗೆ ತಿರುಗಿ ಬಂದಿದ್ದ ಅತ್ತ್ಯಾರ ಮುಂದ “ಬೈರಿ ನನಗ” ಅಂತ ಅತ್ನಿ. ಅತ್ತ್ಯಾರು ಕಾಳು ಮೂಸಿ ನೋಡಿದ್ರು, ಕೈ ಝಾಡಿಸ್ಕೊಂಡ್ರು. ಆಮ್ಯಾಲ, “ಬೈದ್ರ ಮೊಳಕಿ ಬರ್ತೈತೇನು? ಸೀರಿ ಬದಲ್ಸು, ಕವಲಾಪುರಕ್ಕ ಹೋಗೂಣು” ಅಂದ್ರು. ನಮ್ಮ ಓಣಿ ಹುಡಿಗಿ ಪದ್ಮಾನ್ನ ಅಲ್ಲಿಗೆ ಕೊಟ್ಟಿದ್ರು. “ಬರ್ರಿ ಕಾಕು, ಕುಂದ್ರಿ” ಅಂದ್ಲು. ಅತ್ತ್ಯಾರು ನನ್ನ ಹೆಸರು ಎತ್ತಲಿಲ್ಲ ನೋಡ್ರಿ, “ನಮ್ಮ ಮನಿ ಬೀಜ ಹೋತವ್ವಾ” ಅಂದ್ರು, ಅಷ್ಟ. ಪದ್ಮಾ ಒಳಗ ಹೋಗಿ ಒಂದು ಮೊರದ ತುಂಬ ಬೂದಿ ಬೆರಸಿದ ಬಿಳಿಜೋಳ ತಂದ್ಲು. ಕೈಯಾಗ ಹಿಡದು ನೋಡಿದ್ನಿ, ನಮ್ಮ ಅತ್ತ್ಯಾರ ಜೋಳನಽ. “ವೈನಿ, ನನ್ನ ಮದವ್ಯಾಗ ಎಲ್ಲಾರೂ ಅಕ್ಕಿಲೆ ಉಡಿ ತುಂಬಿದ್ರು, ಕಾಕು ಬೀಜದ ಜೋಳ ತುಂಬಿದ್ರು. ಅತ್ತಿಮನ್ಯಾಗ ನಕ್ಕಿದ್ರು, ಈಗ ಅದರ ರೊಟ್ಟಿನಽ ಬೇಕಂತಾರ” ಅಂದ್ಲು ಪದ್ಮಾ. ಓಣಿಯಿಂದ ಲಗ್ನಾಗಿ ಹೋದ ಹುಡಿಗ್ಯಾರಿಗೆಲ್ಲ ಅತ್ತ್ಯಾರು ಹಂಗಽ ಮಾಡಿದ್ರಂತ, ಒಂದ ಮನ್ಯಾಗಿದ್ದು ನನಗ ಗೊತ್ತಿರಲಿಲ್ಲ. ಪದ್ಮಾ ನನ್ನ ಉಡಿ ತುಂಬಿ, “ತಿರುಗಿ ನನಗ ಕೊಡಬ್ಯಾಡ್ರಿ, ಮುಂದ ಹೋಗೂ ಹುಡಿಗಿ ಉಡಿಗೆ ಹಾಕ್ರಿ” ಅಂದ್ಲು. ಬಸ್ಸಿನ್ಯಾಗ ನಾ ಎರಡೂ ಕೈಲೆ ಸೆರಗು ಹಿಡಕೊಂಡಿದ್ನಿ, ಅತ್ತ್ಯಾರು ನನ್ನ ಹಿಡಕೊಂಡಿದ್ರು. ಹಡದವ್ವನ ಮ್ಯಾಲೂ ಅಷ್ಟು ಜೀವ ಬಂದಿದ್ದಿಲ್ಲ ನನಗ. ಅಷ್ಟ ನೋಡ್ರಿ, ಮುಚ್ಚಿಟ್ಟದ್ದು ಬೂಸು ಹಿಡೀತೈತಿ, ಕೊಟ್ಟದ್ದು ನಾಕ ಮನ್ಯಾಗ ಉಳೀತೈತಿ. ಏಳ್ರಿ ಇನ್ನ, ಹೊತ್ತು ಮುಳುಗೂದ್ರೊಳಗ ಉಣಬೇಕು.