ಮುಂದಕ್ಕೆ ಎಳೆದ ಸೀಟು

ಬಂದರಿನ ಪಕ್ಕದ ಸಾಗಣೆ ಕಚೇರಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿಗೆ ಅಕ್ಕ ತಂಗಿ ಕೂತಿದ್ದರು. ತಂಗಿ ದೇಶ ಬಿಟ್ಟು ಹೊರಟವಳು. ಅವಳಿಗಿಂತ ಮೊದಲು ಅವಳ ಕಾರು ಹಡಗು ಹತ್ತಬೇಕಿತ್ತು. ಅಕ್ಕನ ತೊಡೆಯ ಮೇಲೆ ಸವೆದ ದಿಂಬೊಂದಿತ್ತು.

"ಪೂರ್ತಿ ತೊಳೆಸಿದ್ಯೇನೇ?"

"ಚಕ್ರದ ಸಂದೀಲೂ ಮಣ್ಣು ಬಿಟ್ಟಿಲ್ಲ. ಮಣ್ಣಿದ್ರೆ ಅಲ್ಲಿ ಇಳಿಸೋಕೇ ಬಿಡಲ್ವಂತೆ."

"ಮೊಣಕಾಲು ಯಾಕೆ ಉಜ್ಕೋತಿದ್ದೀಯ?"

"ದಾರಿಯುದ್ದಕ್ಕೂ ಸ್ಟಿಯರಿಂಗಿಗೆ ತಾಗ್ತಿತ್ತು."

"ಸೀಟು ಹಿಂದಕ್ಕೆ ತಳ್ಳೋಕೆ ಏನು ಧಾಡಿ ನಿಂಗೆ?"

"ಅಮ್ಮ ಕೊನೇ ಸಲ ಓಡಿಸಿದಾಗ ಹೇಗಿತ್ತೋ ಹಾಗೇ ಇದೆ ಕಣೇ."

ಅಕ್ಕ ಸ್ವಲ್ಪ ಹೊತ್ತು ದಿಂಬನ್ನು ನೇವರಿಸಿದಳು.

"ಹಡಗಿಗೆ ಹತ್ತಿಸೋ ಡ್ರೈವರ್ ತಳ್ಳೇ ತಳ್ತಾನೆ."

"ಗೊತ್ತು. ಅಲ್ಲೀತನಕನಾದ್ರೂ ಇರ್ಲಿ ಅಂತ."

"ಈ ದಿಂಬನ್ನೂ ಆ ಸೀಟಿನ ಮೇಲೇ ಇಡ್ಬೇಕಿತ್ತು."

"ಕಾರೊಳಗೆ ಸಾಮಾನು ಏನೂ ಇರಕೂಡದಂತೆ. ಅದು ನಿನ್ನ ಹತ್ರಾನೇ ಇರ್ಲಿ."

ಬಾಗಿಲಲ್ಲಿ ಬಂದರಿನ ಡ್ರೈವರ್ ಇಣುಕಿದ. ಆಳು ಬಲು ಗಿಡ್ಡ. ಕೈಯಲ್ಲಿ ಅವರ ಕಾರಿನ ಕೀ.

"ಈ ಕಾರು ಓಡಿಸ್ತಿದ್ದೋರು ಯಾರು ಮೇಡಂ? ಸೀಟು ನನ್ನ ಅಳತೆ ತಗೊಂಡೇ ಇಟ್ಟ ಹಾಗಿದೆ. ನಾನು ಮುಟ್ಟಲೇ ಇಲ್ಲ."

"ನಮ್ಮಮ್ಮ," ಎಂದಳು ತಂಗಿ.

"ಆದ್ರೆ ಮುಂದೆ ರಸ್ತೇನೇ ಕಾಣ್ತಿಲ್ಲ. ಅವರು ಹೇಗೆ ಓಡಿಸ್ತಿದ್ರೋ."

ಅಕ್ಕ ಎದ್ದು ಹೋಗಿ ದಿಂಬನ್ನು ಅವನ ಕೈಗಿಟ್ಟಳು.

"ಇದರ ಮೇಲೆ ಕೂತ್ಕೋ. ಹಡಗಿಗೆ ಹತ್ತಿಸಿದ ಮೇಲೆ ಮರೀದೆ ವಾಪಸ್ ತಂದ್ಕೊಡಪ್ಪ."

ಇಬ್ಬರೂ ಅವನ ಹಿಂದೆಯೇ ಹೊರಟರು, ತಾಯಿಯನ್ನು ಬಸ್ಸು ಹತ್ತಿಸಿ ಬರಲು ಹೋಗುವವರಂತೆ.