ಬಡ್ಡಿ ಲೆಕ್ಕದ ಪುಟ ತೆಗೆದುಹಾಕಲು ಒಪ್ಪದಿರುವ ಬಗ್ಗೆ

ಹೆಸರು: ಅನ್ಸಿ ಐಸಕ್. ಪ್ರಾಯ: 36 ವರ್ಷ. ವೃತ್ತಿ: ರಬ್ಬರ್ ಕೃಷಿ ಮತ್ತು ಜಾಲತಾಣ ನಡೆಸುವುದು (ಮೊದಲು ‘ಗೃಹಿಣಿ’ ಎಂದು ಬರೆದದ್ದನ್ನು ನಾನು ಹೇಳಿ ಹೊಡೆದುಹಾಕಿಸಿದ್ದೇನೆ). ವಾಸ: ಮರ್ದಾಳ, ಕಡಬ ತಾಲೂಕು.

ಕಡಬ ಪೇಟೆಯ ಫೈನಾನ್ಸ್ ಒಂದರ ಮ್ಯಾನೇಜರ್ ಯಜ್ಞೇಶ್ವರ ಅವರು ನನ್ನ ಮೇಲೆ ಕೊಟ್ಟ ದೂರಿನ ವಿಚಾರವಾಗಿ ಇಂದು ಠಾಣೆಗೆ ಕರೆಸಿದ್ದರಿಂದ ಬಂದು, ಕೇಳಿದ್ದನ್ನೂ ಕೇಳದ್ದನ್ನೂ ಸೇರಿಸಿ ಹೇಳಿ ಬರೆಸುವುದೇನೆಂದರೆ:

ಚಿನ್ನ ಅಡವಿಟ್ಟವರು ಸಾಲದ ಮೊತ್ತ ಮತ್ತು ದಿನಾಂಕ ಹಾಕಿದರೆ, ಬಿಡಿಸಲು ಎಷ್ಟು ಹಣ ಬೇಕೆಂದು ತೋರಿಸುವ ಜಾಲತಾಣವನ್ನು ನಾನು 2022ರಿಂದ ನಡೆಸುತ್ತಿದ್ದೇನೆ. ಪುತ್ತೂರು, ಸುಳ್ಯ ಮತ್ತು ಕಡಬದ 14 ಫೈನಾನ್ಸ್‌ಗಳಿಗೆ ಒಂದೊಂದು ಪುಟ ಇದೆ. ಲೆಕ್ಕದ ಕ್ರಮ ನನ್ನದಲ್ಲ, ಆಯಾ ಫೈನಾನ್ಸ್‌ನವರೇ ಅಡವಿನ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದ ಷರತ್ತಿನದು. ಷರತ್ತು ಬದಲಾಗಿದೆಯೇ ಎಂದು ನೋಡಲು ಪ್ರತಿ ತಿಂಗಳು ಸ್ಕೂಟರಿನಲ್ಲಿ 14 ಕಡೆಗೂ ಹೋಗುತ್ತೇನೆ. ಏನೇ ಬದಲಾಯಿಸಿದರೂ ಚಿನ್ನ ಬಿಡಿಸಿದವರು ಕೊಟ್ಟ 63 ಹಳೆಯ ಚೀಟಿಗಳ ಲೆಕ್ಕವನ್ನು ಮತ್ತೆ ಹಾಕಿ ನೋಡುತ್ತೇನೆ. ಒಂದು ರೂಪಾಯಿ ಹೆಚ್ಚುಕಡಿಮೆ ಬಂದರೂ ಪುಟ ತೆರೆಯುವುದಿಲ್ಲ. ಇದರಿಂದ ಆದಾಯ ಎಷ್ಟೆಂದು ಕೇಳಿದ್ದೀರಿ. ಕಳೆದ ತಿಂಗಳು ಜಾಹೀರಾತಿನಿಂದ ₹1,140 ಬಂದಿದೆ. ಪೆಟ್ರೋಲಿಗೂ ಸಾಲದು.

ಒಮ್ಮೆ ನಾನು ತಪ್ಪಿದ್ದೇನೆ. 2024ರ ಫೆಬ್ರವರಿಗೆ 29 ದಿನ ಎಂಬುದು ನನಗೆ ಮರೆತುಹೋಗಿತ್ತು. ಮಾರ್ಚ್ 4ರಂದು ಗುಂಡ್ಯದ ಮೀನು ವ್ಯಾಪಾರಿ ಆದಂ ಕುಂಞಿ ಅವರಿಗೆ ಕೌಂಟರಿನಲ್ಲಿ ₹26 ಕಡಿಮೆ ಬಿದ್ದು, ಫೋನ್ ಮಾಡಿ ಬಾಯಿಗೆ ಬಂದಂತೆ ಬೈದರು. ಎರಡು ಗಂಟೆಯೊಳಗೆ ಸರಿಪಡಿಸಿ, ಯಾವ ದಿನದಿಂದ ಯಾವ ದಿನದವರೆಗೆ ಲೆಕ್ಕ ತಪ್ಪಿತ್ತು ಎಂದು ಪುಟದ ಮೇಲ್ಗಡೆಯೇ ಬರೆದೆ. ಅದು ಈಗಲೂ ಅಲ್ಲಿದೆ.

ದಿನಾಂಕ 14-10-2025ರಂದು ಬೆಳಿಗ್ಗೆ 10.40ಕ್ಕೆ ನನಗೆ ಪರಿಚಯದ ಪೂವಮ್ಮ (52 ವರ್ಷ, ಕೃಷಿ) ಸದರಿ ಫೈನಾನ್ಸ್‌ನಿಂದ ಫೋನ್ ಮಾಡಿದರು. ಜೂನ್ 12ರಂದು ಒಂದು ಪವನಿನ ಸರ ಅಡವಿಟ್ಟು ವರ್ಷಕ್ಕೆ ಶೇ. 24ರ ಬಡ್ಡಿಗೆ ₹50,000 ಪಡೆದಿದ್ದರು. ಮಗಳು ಗಾನಶ್ರೀಯ ಮದುವೆ ನಿಶ್ಚಯ ಇದೇ 19ಕ್ಕೆ ಇರುವುದರಿಂದ ಬಿಡಿಸಲು ಹೋಗಿದ್ದರು. ನನ್ನ ಪುಟದಲ್ಲಿ 124 ದಿನಕ್ಕೆ ಬಡ್ಡಿ ₹4,077 ಬಂದಿತ್ತು. ಕೌಂಟರಿನಲ್ಲಿ ₹5,000 ಕೇಳಿದರು. ನಾಲ್ಕು ತಿಂಗಳ ಮೇಲೆ ಎರಡು ದಿನ ಆದ್ದರಿಂದ ಐದು ತಿಂಗಳು ಎಂದರಂತೆ.

ನಾನು ಆರು ಕಿ.ಮೀ. ದೂರದಿಂದ 11.15ಕ್ಕೆ ಅಲ್ಲಿಗೆ ತಲುಪಿದೆ. ಬಡ್ಡಿ ದಿನಲೆಕ್ಕದಲ್ಲಿ ಎಂಬ ಷರತ್ತನ್ನು ಚೀಟಿಯ ಹಿಂಬದಿಯಿಂದ ಗಟ್ಟಿಯಾಗಿ ಓದಿದೆ. ಸಾಲಿನಲ್ಲಿ ಹನ್ನೊಂದು ಜನ ಇದ್ದರು. ಯಜ್ಞೇಶ್ವರ ಅವರು ಕಂಪ್ಯೂಟರ್ ಪರದೆಯನ್ನು ಜನರ ಕಡೆ ತಿರುಗಿಸಿ, ನಾನು ತಪ್ಪಿನ ಬಗ್ಗೆ ಬರೆದದ್ದನ್ನು ತೋರಿಸಿ, “ನೋಡಿ ಮಾರಾಯ್ರೆ, ಲೆಕ್ಕ ತಪ್ಪಿದೆ ಅಂತ ಅವರೇ ಬರ್ದಿದ್ದಾರೆ. ಇದನ್ನು ಹಿಡ್ಕೊಂಡು ನೀವು ಬರುದಾ?” ಎಂದರು. ಕೆಲವರು ನಕ್ಕರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹಾಗಾದರೆ ₹5,000ದ ಲೆಕ್ಕವನ್ನು ನಿಮ್ಮ ಸೀಲು ಹಾಕಿ ಬರೆದುಕೊಡಿ ಎಂದೆ. ಮೇಲಿನವರನ್ನು ಕೇಳಬೇಕು, ನೋಡುವ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಬರೆದು ಕೊಡುವವರೆಗೆ ಏಳುವುದಿಲ್ಲ ಎಂದು ಕೌಂಟರಿನ ಎದುರಿನ ಕುರ್ಚಿಯಲ್ಲಿ 1.30ರವರೆಗೆ ಕುಳಿತೆ. ಬರೆದು ಕೊಡಲೇ ಇಲ್ಲ, ಪೂವಮ್ಮ ಸರ ಬಿಡಿಸದೆ ಮರಳಿದರು. ವ್ಯವಹಾರಕ್ಕೆ ಅಡ್ಡಿ ಎಂದು ದೂರಿನಲ್ಲಿ ಹೇಳಿರುವುದು ಇದನ್ನೇ. ಕುಳಿತದ್ದು ಹೌದು.

ಇಂದು 11.10ಕ್ಕೆ ಠಾಣೆಯಲ್ಲಿ ಯಜ್ಞೇಶ್ವರ ಅವರು, ತಮ್ಮ ಫೈನಾನ್ಸ್‌ನ ಪುಟ ತೆಗೆದುಹಾಕಿದರೆ ದೂರು ಹಿಂಪಡೆದು ಪೂವಮ್ಮನ ಸರವನ್ನು ದಿನಲೆಕ್ಕದ ಬಡ್ಡಿಗೇ ಬಿಟ್ಟುಕೊಡುವುದಾಗಿ ಹೇಳಿದರು. ಅಂದರೆ ಆ ಲೆಕ್ಕ ಸರಿ ಎಂದು ಅವರಿಗೂ ಗೊತ್ತಿದೆ. ಇದನ್ನು ಹೀಗೆಯೇ ಬರೆದುಕೊಳ್ಳಬೇಕು. ಮುಖ್ಯ ಪೇದೆಯವರು ಒಳ್ಳೆಯ ಮನಸ್ಸಿನಿಂದಲೇ, ಹಳೆಯ ತಪ್ಪಿನ ಬರಹವನ್ನಾದರೂ ಅಳಿಸಿಬಿಡಿ, ಅದೇ ನಿಮಗೆ ಮುಳುವು ಎಂದರು. ತಪ್ಪನ್ನು ಮುಚ್ಚಿಟ್ಟ ಲೆಕ್ಕವನ್ನು ಜನ ಯಾಕೆ ನಂಬಬೇಕು? ಅಳಿಸುವುದಿಲ್ಲ ಎಂದೆ.

ಆದರೆ ಪುಟದ ವಿಷಯದಲ್ಲಿ ನಾನು ಒಂದು ಗಳಿಗೆ ಸೋತೆ. ಸರ ನನ್ನದಲ್ಲ, ನಿಶ್ಚಯಕ್ಕೆ ಇನ್ನು ಮೂರೇ ದಿನ. ಹೊರಗೆ ಬೆಂಚಿನಲ್ಲಿದ್ದ ಪೂವಮ್ಮಕ್ಕನಿಗೆ ವಿಷಯ ತಿಳಿಸಿ, ನೀವು ಹೇಳಿದರೆ ತೆಗೆಯುತ್ತೇನೆ ಎಂದೆ. ಅವರು ಎದ್ದು ಒಳಗೆ ಬಂದು, ಎಲ್ಲರ ಎದುರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತಿದ್ದೇನೆ:

“ನನಗೊಬ್ಬಳಿಗೆ ಸರಿ ಲೆಕ್ಕ, ಸಾಲಿನಲ್ಲಿ ನಿಂತ ಬಾಕಿಯವರಿಗೆ ಎಂತ? ಮಗಳ ನಿಶ್ಚಯಕ್ಕೆ ನಾನು ಬರಿ ಕುತ್ತಿಗೆಯಲ್ಲೇ ನಿಲ್ತೇನೆ. ಸರ ಎಲ್ಲಿ ಅಂತ ಕೇಳಿದವರಿಗೆಲ್ಲ ಆ ಪುಟ ತೋರಿಸ್ಲಿಕ್ಕೆ ಉಂಟು. ನೀನು ತೆಗೆಯುದು ಬೇಡ ಮಗಾ.”

ಆದ್ದರಿಂದ ಪುಟ ತೆಗೆಯುವುದಿಲ್ಲ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಕಡಬ
ದಿನಾಂಕ: 16-10-2025, ಸಮಯ 12.25
(ರುಜು) ಅನ್ಸಿ ಐಸಕ್