ಸುಶೀಲಾಳನ್ನು ಎಬ್ಬಿಸುವವರಿಲ್ಲ

ಕಂದೀಲು ಸ್ವಲ್ಪ ಸಣ್ಣ ಮಾಡಿ... ಹಾಂ, ಅಷ್ಟು ಸಾಕು. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ. ನಮ್ಮ ಓಣಿಯ ಕೊನೆಮನೆ ಕಳಕಮ್ಮನಿಗೆ ಆದದ್ದು. ನಗುವವರು ಈಗಲೇ ನಕ್ಕು ಮುಗಿಸಿ.

ಎಪ್ಪತ್ತನಾಲ್ಕನೇ ಇಸವಿ. ಹುಲಿಹೈದರದಿಂದ ಒಳಗಿರುವ ನಮ್ಮ ಹಳ್ಳಿಯಿಂದ ಇಬ್ಬರು ಸರಿರಾತ್ರಿಯಲ್ಲಿ ಡಾಂಬರು ರಸ್ತೆಯ ಕಡೆಗೆ ನಡೆಯುತ್ತಿದ್ದರು. ಮುಂದೆ ಪೇಟಿ ಮಾಸ್ತರ ಮೌಲಾಹುಸೇನ, ಹೆಗಲ ಮೇಲೆ ಹಾರ್ಮೋನಿಯಂ. ಹಿಂದೆ ಕಳಕಮ್ಮ. ಕುಷ್ಟಗಿಯವಳು, ಊರೂರಿನ ನಾಟಕಗಳಲ್ಲಿ ಪಾರ್ಟು ಮಾಡುವ ನಟಿ. ಮುಖದ ಬಣ್ಣ ಇನ್ನೂ ಒರೆಸಿಕೊಂಡಿರಲಿಲ್ಲ. ದಾರಿಯಲ್ಲಿ ಆಲದ ಮರ, ಅದರ ಬುಡಕ್ಕೆ ಕಲ್ಲು ಕಟ್ಟಿದ ಬಾವಿ.

ಮರ ಹತ್ತಿರವಾದಂತೆ ಹಿಂದಿನಿಂದ ಗೆಜ್ಜೆ ಸಪ್ಪಳ... ಝಲ್... ಝಲ್...

ಮಾಸ್ತರ ತಿರುಗಲಿಲ್ಲ. "ಕಳಕಮ್ಮಾ... ಕಾಲಾಗ ಗೆಜ್ಜಿ ಅದಾವೇನು?"

"ಇಲ್ರಿ ಮಾಸ್ತರ. ಬಿಚ್ಚಿ ಚೀಲದಾಗ ಹಾಕೇನ್ರಿ."

"ಹಂಗಾರ ನಡಿ. ಹಿಂದ ನೋಡಬ್ಯಾಡ."

ಅಷ್ಟರಲ್ಲಿ ಬಾವಿಯಲ್ಲಿ... ಧುಡುಂ!

ಇಬ್ಬರೂ ನಿಂತುಬಿಟ್ಟರು. ಆ ಸಪ್ಪಳ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಅದೇ ರಾತ್ರಿ ರಂಗದ ಹಿಂದೆ ಕೇಳಿದ್ದರು.

ಅವತ್ತಿನ ನಾಟಕ ಬರೆದವನು ನಮ್ಮೂರ ಲಕ್ಷ್ಮಣಪ್ಪ. ಅದರಲ್ಲಿ ಕಳಕಮ್ಮ ಸುಶೀಲಾ ಎಂಬ ಸೊಸೆ. ಗಂಡ ಸುಳ್ಳು ಮಾತು ನಂಬಿ ಹೊರಗೆ ಹಾಕುತ್ತಾನೆ, ಅವಳು ಬಾವಿಗೆ ಬೀಳುತ್ತಾಳೆ. ಬಿದಿರಿನ ತಟ್ಟಿಗೆ ಬಣ್ಣ ಬಳಿದು ಮಾಡಿದ ಬಾವಿ ಅದು. ಅವಳು ಅದರ ಹಿಂದೆ ಜಿಗಿದು ಮಲಗಬೇಕು. ಒಳಗೊಬ್ಬ ನೀರಿನ ಪೀಪಾಯಿಗೆ ಕಲ್ಲು ಎತ್ತಿಹಾಕಬೇಕು. ಧುಡುಂ.

ಈ ನಾಟಕದ ಮಂದಿಯಲ್ಲಿ ಒಂದು ಪದ್ಧತಿಯಿತ್ತು. ರಂಗದ ಮೇಲೆ ಸತ್ತವರು ತಾವಾಗಿಯೇ ಏಳಬಾರದು. ಪರದೆ ಬಿದ್ದ ಮೇಲೆ ಪೇಟಿ ಮಾಸ್ತರ ಬಂದು, ಸ್ವಂತ ಹೆಸರು ಹಿಡಿದು ಕರೆಯಬೇಕು. 'ಕಳಕಮ್ಮಾ, ಏಳವ್ವ.' ಆಗ ಎದ್ದು ಬಂದು ಎಲ್ಲರ ಜೊತೆ ಮಂಗಳ ಹಾಡಬೇಕು. ಆದರೆ ಆ ರಾತ್ರಿ ಕಲ್ಲು ಬಿದ್ದ ಕೂಡಲೇ ಎಲ್ಲಿತ್ತೋ ಏನೋ, ಬಿರುಗಾಳಿ ನುಗ್ಗಿತು. ಗ್ಯಾಸ್‌ಬತ್ತಿ ಆರಿತು, ಚಪ್ಪರ ಹಾರಿತು, ಜನ ದಿಕ್ಕಾಪಾಲು. ಯಾರು ಕರೆಯುತ್ತಾರೆ? ಕಳಕಮ್ಮ ಹೆದರಿ ಕತ್ತಲಲ್ಲಿ ತಾನೇ ಎದ್ದು ಓಡಿ ಬಂದಿದ್ದಳು.

ಈಗ ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಕಳಕಮ್ಮ ರಂಗದ ಮೇಲೆ ಉಟ್ಟಿದ್ದ ಅದೇ ಕೆಂಪು ಸೀರೆ. ಸೆರಗಿನಿಂದ ನೀರು... ತಟ್... ತಟ್... ಮುಖ ಕಳಕಮ್ಮನದೇ.

ಮಾಸ್ತರನಿಗೆ ಹೊಳೆದದ್ದು ಒಂದೇ. ಗಂಟಲು ಸರಿಮಾಡಿಕೊಂಡು ಕರೆದ. "ಕಳಕಮ್ಮಾ... ಏಳವ್ವ."

"ಎದ್ದೇನ್ರಿ," ಅಂದಳು ಪಕ್ಕದಲ್ಲಿದ್ದ ಕಳಕಮ್ಮ. ಅಷ್ಟು ವರ್ಷದ ರೂಢಿ. ಬಾಯಿ ತಾನಾಗಿಯೇ ಅಂದುಬಿಟ್ಟಿತು.

ಕಟ್ಟೆಯ ಮೇಲಿನವಳು ತಲೆ ಅಲ್ಲಾಡಿಸಿದಳು. "ಅಕಿ ಎದ್ಲು. ನಾ ಸುಶೀಲಾ... ನನ್ನ ಯಾರ ಎಬ್ಬಸ್ತೀರಿ?"

"ಸುಶೀಲಾ, ಏಳವ್ವ..." ಮಾಸ್ತರ ಮತ್ತೆ ಕರೆದ.

"ನೀವು ಕರದ್ರ ಆಗೂದಿಲ್ರಿ. ಬರದಾವ್ರು ಕೊಂದಾರ. ಬರದಾವ್ರ ಎಬ್ಬಸ್ಬೇಕು."

ಧುಡುಂ. ಕಟ್ಟೆ ಖಾಲಿ.

ಬೆಳಗಾದದ್ದೇ ಕಳಕಮ್ಮ ಲಕ್ಷ್ಮಣಪ್ಪನ ಮನೆ ಬಾಗಿಲಿಗೆ ಹೋದಳು. "ಯಣ್ಣಾ, ಒಂದ ಸೀನು ಜಾಸ್ತಿ ಬರಿ. ಸುಶೀಲಾ ಬಾವಿಯಿಂದ ಎದ್ದು ಬಂದ್ಲು ಅಂತ ಬರಿ. ಕೈ ಮುಗಿತೀನಿ."

ಲಕ್ಷ್ಮಣಪ್ಪ ಬಿದ್ದು ಬಿದ್ದು ನಕ್ಕ. "ಎದ್ದ ಬಂದ್ರ ಮಂದಿ ಅಳ್ತಾರೇನಬೇ? ಹುಚ್ಚಿ ಅದೀ ನೀ!" ಪುಣ್ಯಾತ್ಮ, ಒಂದು ಸಾಲು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮುಂದಿನ ಮಳೆಗಾಲದಲ್ಲಿ ಹಾವು ಕಚ್ಚಿ ಅವನೂ ಹೋದ. ಬರೆದವನೇ ಇಲ್ಲವಾದ.

ಅಲ್ಲಿಂದ ಮುಂದೆ ಯಲಬುರ್ಗಾ, ಇರಕಲ್ಲಗಡ, ಎಲ್ಲಿ ಯಾವ ಪಾರ್ಟು ಮಾಡಿ ಸತ್ತು ಮಲಗಿದರೂ, ಕಳಕಮ್ಮನ ಪಕ್ಕದಲ್ಲಿ ಇನ್ನೊಂದು ಉಸಿರು. ಒದ್ದೆ ಉಸಿರು. ಮಾಸ್ತರ ಕರೆದಾಗ ಇವಳು ಏಳುವಳು, ಅದು ಏಳುತ್ತಿರಲಿಲ್ಲ. ಕಡೆಗೆ ನಾಟಕವನ್ನೇ ಬಿಟ್ಟಳು. ಉಸಿರು ಬಿಡಲಿಲ್ಲ, ರಾತ್ರಿ ಹಾಸಿಗೆಯ ಪಕ್ಕಕ್ಕೂ ಬಂತು. ಬರೆಯುವವರೇ ಎಬ್ಬಿಸಬೇಕೆಂದರೆ ನಾನೇ ಬರೆಯುವವಳಾಗುತ್ತೇನೆ ಅಂತ ಹಟ ಹಿಡಿದಳು.

ಹಟಕ್ಕೆ ದಾರಿಯೂ ಸಿಕ್ಕಿತು. ಮುನಿರಾಬಾದಿಗೆ, ಡ್ಯಾಮಿನ ಹತ್ತಿರ, ಸಿನಿಮಾದವರು ಶೂಟಿಂಗಿಗೆ ಬಂದಿದ್ದರು. ಕಳಕಮ್ಮನಿಗೆ ನೀರು ತರುವ ಹೆಂಗಸಿನ ಸಣ್ಣ ಪಾರ್ಟು. ಹೀರೋಯಿನ್ ಬಾಯಲ್ಲಿ ನಮ್ಮ ಕಡೆಯ ಮಾತು ಹೊರಳದೆ ಒದ್ದಾಡುವಾಗ ಇವಳೇ ನಿಂತಲ್ಲಿ ನಿಂತು ಮಾತು ತಿದ್ದಿ ಕೊಟ್ಟಳು. ಡೈರೆಕ್ಟರು ಮದ್ರಾಸಿಗೆ ಕರೆದುಕೊಂಡು ಹೋದ. ಮೊದಲು ಸಂಭಾಷಣೆ, ಆಮೇಲೆ ಚಿತ್ರಕತೆ. ಪೋಸ್ಟರಿನ ಮೂಲೆಯಲ್ಲಿ ಹೆಸರು ಬಂತು. ನಮ್ಮೂರಿನವರು ಅದನ್ನು ಬೆರಳಿಟ್ಟು ಓದಿ ಮೀಸೆ ತಿರುವಿದ್ದೇ ತಿರುವಿದ್ದು.

ಎಂಬತ್ತೆರಡರಲ್ಲಿ ತಾನೇ ಸ್ವಂತವಾಗಿ ಒಂದು ಸಿನಿಮಾ ಕತೆ ಬರೆದಳು, ಸುಶೀಲಾಳದು. ಬಾವಿಗೆ ಬಿದ್ದವಳು ಹಗ್ಗ ಹಿಡಿದು ಮೇಲೆ ಬರುತ್ತಾಳೆ, ಸೆರಗು ಹಿಂಡಿಕೊಂಡು ತವರಿನ ದಾರಿ ಹಿಡಿಯುತ್ತಾಳೆ. ಆ ಸಾಲು ಬರೆದ ರಾತ್ರಿ ಕಳಕಮ್ಮನಿಗೆ ಒದ್ದೆ ಉಸಿರು ಕೇಳಲಿಲ್ಲವಂತೆ. ಎಂಟು ವರ್ಷದಲ್ಲಿ ಮೊದಲ ಸಲ ಕಣ್ಣತುಂಬ ನಿದ್ದೆ.

ಪ್ರೊಡ್ಯೂಸರು ಕೊನೆ ಬದಲಾಯಿಸಿದ, ಸುಶೀಲಾ ಬಾವಿಯಲ್ಲೇ ಸಾಯಲಿ ಅಂತ. ಕಳಕಮ್ಮ ಅವನ ಕಾಲು ಹಿಡಿದಳು, ಸೆರಗೊಡ್ಡಿದಳು.

"ಕಾಗದದ ಮೇಲಿನ ಹೆಣ್ಣು ಕಣಮ್ಮ," ಅಂದ ಅವನು. "ಸತ್ತರೆ ಯಾರ ಮನೆ ಹಾಳಾಯ್ತು? ಬದುಕಿದರೆ ಮಾತ್ರ ನನ್ನ ಮನೆ ಹಾಳಾಗುತ್ತೆ."

ಸಿನಿಮಾ ಓಡಿತು. ಓಡಿದ್ದೇ ಅನಾಹುತವಾಯಿತು ನೋಡಿ. ಗಂಗಾವತಿಯ ಟಾಕೀಸಿನಲ್ಲಿ ಕಳಕಮ್ಮ ಹೆಂಗಸರ ನಡುವೆ ಕೂತು ಸಂಜೆಯ ಆಟ ನೋಡಿದಳು. ಪರದೆಯ ಮೇಲೆ ಸುಶೀಲಾ ಬಿದ್ದಳು. ಧುಡುಂ! ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಹೋ ಎಂದು ಅತ್ತರು. ಕೂಡಲೇ ಲೈಟು ಹತ್ತಿತು, ಜನ ಎದ್ದರು. ಸಿನಿಮಾದಲ್ಲಿ ಮಂಗಳವೂ ಇಲ್ಲ, ಕರೆಯುವವರೂ ಇಲ್ಲ.

ಕಳಕಮ್ಮ ಕೊನೆಯ ಬಸ್ಸು ಹಿಡಿದು ನಮ್ಮೂರ ಡಾಂಬರು ರಸ್ತೆಯಲ್ಲಿ ಇಳಿದಳು. ಒಬ್ಬಳೇ ಆ ದಾರಿ ನಡೆದು ಆಲದ ಬುಡಕ್ಕೆ ಬಂದಳು.

ಸುಶೀಲಾ ಕಟ್ಟೆಯ ಮೇಲಿದ್ದಳು. ಸಿಟ್ಟಿರಲಿಲ್ಲ. ಏದುಸಿರು ಬಿಡುತ್ತಿದ್ದಳು... ಹ್ಹ... ಹ್ಹ... ದಣಿದ ಕೂಲಿಯವಳು ಕೂತಂತೆ ಕೂತಿದ್ದಳು. ಕಳಕಮ್ಮನನ್ನು ನೋಡಿ ಮೆಲ್ಲಗೆ ಕೇಳಿದ್ದು ಒಂದೇ ಮಾತು.

"ಯಕ್ಕಾ... ಇವತ್ತ ಸೆಕೆಂಡ್ ಶೋ ಐತೇನು?"

ಕಳಕಮ್ಮನಿಗೆ ಆಗ ಅರ್ಥವಾಯಿತು. ಮೊದಲಾದರೆ ಸುಶೀಲಾ ಸತ್ತದ್ದು ಒಂದು ಹಳ್ಳಿಯಲ್ಲಿ, ಒಂದು ರಾತ್ರಿ. ಈಗ ಕೊಪ್ಪಳದಲ್ಲಿ, ರಾಯಚೂರಿನಲ್ಲಿ, ಹುಬ್ಬಳ್ಳಿಯಲ್ಲಿ, ದಿನಾ ಆಟದ ಮೇಲೆ ಆಟ. ಎಬ್ಬಿಸಲು ಹೋದವಳೇ ಅವಳನ್ನು ಊರೂರ ಬಾವಿಗೆ ತಳ್ಳಿದ್ದಳು.

"ತಪ್ಪಾತವ್ವಾ... ನಾ ಹಂಗ ಬರದಿಲ್ಲ," ಅಂತ ಅತ್ತಳು. ಚೀಲದಿಂದ ತನ್ನ ಮೂಲ ಹಾಳೆ ತೆಗೆದು, ಬೆಂಕಿಕಡ್ಡಿ ಗೀರಿ ಓದಿದಳು. "ಸುಶೀಲಾ ಹಗ್ಗ ಹಿಡಿದಳು. ಸುಶೀಲಾ ಮೇಲೆ ಬಂದಳು..."

ಸುಶೀಲಾ ಕಟ್ಟೆಗೆ ಕೈಯೂರಿದಳು. ಎದ್ದಳು, ನೋಡಿ... ನಿಜವಾಗಿ ಎದ್ದಳು. ಒಂದು ಕಾಲು ಕೆಳಗಿಟ್ಟಳು. ಝಲ್... ಇನ್ನೊಂದು ಕಾಲು ಎತ್ತಬೇಕು... ಆ ಹೊತ್ತಿಗೆ ಗಂಗಾವತಿಯಲ್ಲಿ ಸೆಕೆಂಡ್ ಶೋ ಮುಗಿಯಲು ಬಂದಿರಬೇಕು. ಯಾರೋ ಹಿಂದಿನಿಂದ ಜಗ್ಗಿದಂತೆ ಅವಳ ಸೆರಗು ಬಿಗಿಯಿತು. ಕಳಕಮ್ಮ ಕೈ ಚಾಚಿದಳು. ಒದ್ದೆ ಬೆರಳು ಸಿಕ್ಕವು... ಜಾರಿದವು.

ಧುಡುಂ.

ಕಳಕಮ್ಮ ಮದ್ರಾಸಿಗೆ ಮತ್ತೆ ಹೋಗಲಿಲ್ಲ. ನಮ್ಮ ಓಣಿಯಲ್ಲಿ, ಬಾವಿಗೆ ಹತ್ತಿರದ ಮನೆ ಹಿಡಿದಳು. ದಿನಾ ಕತ್ತಲಾದ ಮೇಲೆ ಹೋಗಿ ಕಟ್ಟೆಯ ಬದಿಗೆ ಕೂರುತ್ತಿದ್ದಳು. ಸಪ್ಪಳವಾದಾಗಲೆಲ್ಲ ಬಗ್ಗಿ, "ಸುಶೀಲಾ, ಏಳವ್ವ," ಅನ್ನುವಳು. ಹುಚ್ಚಿ ಅಂದವರೂ ಇದ್ದಾರೆ. ಅನ್ನಲಿ, ಅವರ ಬಾಯಿ.

ವರ್ಷ ಕಳೆದಂತೆ ಸಿನಿಮಾ ಹಳೆಯದಾಯಿತು, ಸಪ್ಪಳವೂ ಕಡಿಮೆಯಾಯಿತು. ಒಮ್ಮೆ ಎಷ್ಟೋ ದಿನ ಏನೂ ಕೇಳಲಿಲ್ಲ. ಕಳಕಮ್ಮನ ಮುಖ ಗೆಲುವಾಗಿತ್ತು. ಆಮೇಲೊಂದು ರಾತ್ರಿ ಓಣಿಯ ಮಂದಿಯೆಲ್ಲ ಹಾಸಿಗೆ ಬಿಟ್ಟು ಕೂತರು. ಧುಡುಂ ಅನ್ನುವ ಸಪ್ಪಳ ಅಷ್ಟು ಸ್ಪಷ್ಟ. ಕಳಕಮ್ಮ ಮಾತ್ರ ಹೊಸ್ತಿಲ ಮೇಲೆ ತಲೆ ಹಿಡಿದುಕೊಂಡು, "ಎಲ್ಲೋ ಆಟ ಹಾಕ್ಯಾರ..." ಅಂದಳು. ಮರುದಿನ ಸಂತೆಗೆ ಹೋದವರು ಸುದ್ದಿ ತಂದರು. ಕುಷ್ಟಗಿಗೆ ಟೂರಿಂಗ್ ಟಾಕೀಸು ಬಂದಿದೆ, ಅದೇ ಸಿನಿಮಾ ಹಚ್ಚಿದ್ದಾರೆ.

ನಂಬದಿದ್ದರೆ ಬಿಡಿ. ಆದರೆ ಅವತ್ತೇ ಊರ ಗಂಡಸರೆಲ್ಲ ಬ್ಯಾಟರಿ ಹಿಡಿದು ಆ ಬಾವಿಗೆ ಇಣುಕಿ ನೋಡಿದ್ದಾರೆ, ಬೇಕಾದರೆ ಹೋಗಿ ಕೇಳಿ. ಒಂದು ಕಲ್ಲು ಎತ್ತಿ ಹಾಕಿದರು. 'ಟಕ್' ಅಂತು. ಬಾವಿ ಬತ್ತಿ ಅದಾಗಲೇ ಎರಡು ಬೇಸಿಗೆ ಕಳೆದಿದ್ದವು.